ಖಾನಾವಳಿಗೆ ಬಂದ ಭಂಡಾರ

ಆ ದಿನ ಮಾಡಿದ ಕೆಲಸಗಳು ಇವು. ನಸುಕಿನಲ್ಲಿ ಎದ್ದು ಖಾನಾವಳಿಯ ಮುಂದೆ ಕಸ ಹೊಡೆದು ನೀರು ಚಿಮುಕಿಸಿದೆ. ನೆನೆಸಿಟ್ಟಿದ್ದ ಮಡಿಕೆಕಾಳು ಬಸಿದೆ. ಪುಂಡಿಸೊಪ್ಪು ಸೋಸಿದೆ. ಬದನೆಕಾಯಿ ಸೀಳಿ ಉಪ್ಪುನೀರಿಗೆ ಹಾಕಿದೆ. ಮೊಸರು ಕಡೆದೆ. ಶೇಂಗಾ ಚಟ್ನಿ ತಳ ಕಂಡಿತ್ತು, ಹುರಿದು ಕುಟ್ಟಿದೆ. ಗ್ಯಾಸ್ ಸಿಲಿಂಡರ್ ಬದಲಿಸಿರೆಂದು ಮನೆಯವರನ್ನು ಎರಡು ಸಲ ಕರೆದೆ, ಆಮೇಲೆ ನಾನೇ ಬದಲಿಸಿದೆ. ಮರುದಿನ ಓಟು. ಯಂತ್ರ ತೆಗೆದುಕೊಂಡು ಹಳ್ಳಿಗಳಿಗೆ ಹೋಗುವ ಮಾಸ್ತರರೂ ಟೀಚರುಗಳೂ ಹುನಗುಂದಕ್ಕೆ ಬಂದು ಸೇರುವ ದಿನ ಅದು. ಅವರಿಗೆ ಬುತ್ತಿ ಕಟ್ಟಲು ಹಳೆಯ ಪೇಪರುಗಳನ್ನು ಹರಿದು ಒಂದರ ಮೇಲೊಂದು ಇಟ್ಟು ಮೇಲೆ ಲಟ್ಟಣಿಗೆ ಹೇರಿದೆ, ಗಾಳಿಗೆ ಹಾರಬಾರದೆಂದು.

ನಮ್ಮ ಖಾನಾವಳಿ ಹುನಗುಂದದಲ್ಲಿ ಕೋರ್ಟಿಗೂ ಬಸ್‌ಸ್ಟ್ಯಾಂಡಿಗೂ ನಡುವೆ ಇದೆ. ತಾರೀಖಿಗೆ ಬಂದವರು, ಕಚೇರಿಯ ಕೆಲಸಕ್ಕೆ ಬಂದವರು, ಪೇಟೆಗೆ ಕಾಳು ತಂದವರು, ಎಲ್ಲರೂ ನಮ್ಮಲ್ಲಿ ಉಣ್ಣುತ್ತಾರೆ. ಮುಂದೆ ಮೇಜಿನ ಹಿಂದೆ ನನ್ನ ಮನೆಯವರು ಕೂಡುತ್ತಾರೆ. ಪಲ್ಲೆ, ಸಾರು, ಬಡಿಸುವುದು ನನ್ನ ಪಾಲಿಗೆ. ರೊಟ್ಟಿ ಮಾತ್ರ ನಮ್ಮ ರೊಟ್ಟಿಯಕ್ಕನದು. ಹೆಸರು ಬೇರೆ ಇದೆ, ಆದರೆ ಊರೆಲ್ಲ ಹಾಗೇ ಕರೆಯುವುದು. ಅಮೀನಗಡದ ಕಡೆಯ ಒಂದು ಹಳ್ಳಿಯಿಂದ ದಿನಾ ಮುಂಜಾನೆಯ ಬಸ್ಸಿಗೆ ಬರುತ್ತಾಳೆ. ನನಗಿಂತ ಸ್ವಲ್ಪ ಹಿರಿಯಳು. ಅವಳ ಮನೆತನ ಬೀರಪ್ಪ ದೇವರ ಒಕ್ಕಲು. ಮೈದುನಂದಿರಿಗೆ ಕುರಿ ಇವೆ, ಗಂಡ ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಲಾರಿ ನಡೆಸುತ್ತಾನೆ.

ಅವಳು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮ್ಮ ಗಿರಾಕಿಗಳು ಎಷ್ಟು ಒಗ್ಗಿದ್ದಾರೆಂದರೆ, ಅದು ನಿಂತರೆ ತಾಟಿನಿಂದ ತಲೆ ಎತ್ತಿ ಒಳಗೆ ನೋಡುತ್ತಾರೆ. ಆ ದಿನ ಮುಂಜಾನೆಯಿಂದ ಎಲ್ಲರೂ ಮೇಲಿಂದ ಮೇಲೆ ತಲೆ ಎತ್ತುತ್ತಿದ್ದರು. ಸಪ್ಪಳ ಶುರುವಾಗುವುದು, ನಿಲ್ಲುವುದು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ನಾನು ಓಡಿಹೋಗಿ ತಿರುವಿ ಹಾಕಿದೆ. ರೊಟ್ಟಿಯಕ್ಕನ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ಅದಕ್ಕಿಂತ ಮೊದಲು ನಾನು ಕಂಡಿರಲಿಲ್ಲ.

"ಯಕ್ಕಾ, ನೀ ಇವತ್ತ ಬರೂದ ಬ್ಯಾಡ ಆಗಿತ್ತು. ಬಾಗಲಕೋಟಿಗೆ ಹೋಗು ಅಂದ್ನೆಲ್ಲ ನಾ," ಎಂದೆ.

"ಹೋಗಿ ಏನ್ ಮಾಡ್ಲಿ ತಂಗಿ? ಇದನ್ನ ಕಟ್ಟಿಕೊಂಡು ಬಾಣಂತಿ ಖೋಲಿಗೆ ಹ್ಯಾಂಗ ಕಾಲಿಡ್ಲಿ?" ಎಂದು ಸೊಂಟದಲ್ಲಿ ಸಿಕ್ಕಿಸಿದ ಎಲೆಅಡಿಕೆಯ ಚೀಲವನ್ನು ಮುಟ್ಟಿ ತೋರಿಸಿದಳು.

ಸಂಗತಿ ಹೀಗಿತ್ತು. ಅವಳ ಮಗಳನ್ನು ಬಾದಾಮಿಯ ಹತ್ತಿರದ ಊರಿಗೆ ಕೊಟ್ಟಿದ್ದರು. ಎರಡು ಸಲ ಬಸಿರು ನಿಂತು ಎರಡು ಸಲವೂ ದಿನ ತುಂಬುವ ಮೊದಲೇ ಹೋಗಿತ್ತು. ಈ ಸಲ ದಿನ ತುಂಬಿತ್ತು. ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿಗೆ ಹಿಂದಿನ ದಿನ ಬಿಪಿ ಏರಿತು. ನಮ್ಮ ಹುನಗುಂದದ ದವಾಖಾನೆಯವರು ನೋಡಿ, ತಡ ಮಾಡದೆ ಬಾಗಲಕೋಟೆಗೆ ಒಯ್ಯಿರಿ ಎಂದರು. ಅಳಿಯನೂ ಬೀಗತಿಯೂ ಜೊತೆಗೆ ಹೋದರು. ಹೆತ್ತ ತಾಯಿ ಮಾತ್ರ ಹೋಗದೆ ಮರುದಿನ ನಮ್ಮಲ್ಲಿ ರೊಟ್ಟಿ ಬಡಿಯಲು ಬಂದು ಕೂತಳು. ಯಾಕೆಂದರೆ ಅವಳ ಕೈಯಲ್ಲಿ ಮುರಿಯಲಿರುವ ಆಣೆ ಇತ್ತು. ಆಣೆ ಮುರಿದವರ, ಮುರಿಯಲಿರುವವರ ನೆರಳು ಹಸುಗೂಸಿನ ಮೇಲೆ ಬೀಳಬಾರದೆಂದು ಅವರ ಮನೆತನದ ನಂಬಿಕೆ.

ಆಣೆಯದು ಓಟಿನ ಕತೆ. ಹಿಂದಿನ ಚುನಾವಣೆಯ ಹೊತ್ತಿಗೆ ಆಳುವ ಪಕ್ಷ ಇನ್ನೂ ಒಡೆಯದೆ ಒಂದಾಗಿತ್ತು. ನಮ್ಮ ಭಾಗಕ್ಕೆ ಆ ಪಕ್ಷದ ಹಿರಿಯರು ಒಬ್ಬರಿದ್ದರು, ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದೆವು. ಅವರ ಕೈಕೆಳಗೆ ಓಡಾಡುವ ಒಬ್ಬ ಕಾಂಟ್ರಾಕ್ಟರ್ ಇದ್ದ. ಹಳ್ಳಿಗಳಿಗೆ ನೀರಿನ ಪೈಪು ಹಾಕಿಸುವ ಕೆಲಸ ಅವನದು. ಅವನೂ ರೊಟ್ಟಿಯಕ್ಕನ ಊರಿನವನೇ, ಅವರ ಪೈಕಿಯವನೇ, ಅವಳನ್ನು ಅಕ್ಕಾ ಎಂದೇ ಕರೆಯುವವನು. ಅವನು ಆಗ ಓಣಿಯ ಹೆಂಗಸರನ್ನೆಲ್ಲ ಬೀರಪ್ಪನ ಗುಡಿಯ ಮುಂದೆ ಸೇರಿಸಿ, ಒಬ್ಬೊಬ್ಬರ ಅಂಗೈಗೂ ಚಿಟಿಕೆ ಭಂಡಾರ ಹಾಕಿ ಆಣೆ ಮಾಡಿಸಿದ್ದ. ಭಂಡಾರವೆಂದರೆ ದೇವರ ಅರಿಶಿನ ಪುಡಿ. ನಮ್ಮ ಕಡೆ ಅದನ್ನು ಮುಟ್ಟಿ ಆಡಿದ ಮಾತು ಸುಳ್ಳಾಗುವ ಹಾಗಿಲ್ಲ. ಸ್ವಲ್ಪ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಪೇಪರಿನಲ್ಲಿ ಮಡಚಿ ಮನೆಯ ದೇವರ ಜಗಲಿಯ ಮೇಲೆ ಇಡುತ್ತಾರೆ.

ಅವನು ಅಂದು ಹೇಳಿಸಿದ್ದು ಹೀಗಂತೆ: "ಜೀವ ಇರೋತನಕ ಸಾಹೇಬ್ರನ್ನ ಬಿಡಂಗಿಲ್ಲ, ನಮ್ಮ ಗುರ್ತು ಬಿಡಂಗಿಲ್ಲ." ಮನುಷ್ಯನಿಗೊಂದು ಗಂಟು, ಪಕ್ಷದ ಗುರುತಿಗೊಂದು ಗಂಟು. ಬೇರೆ ಊರುಗಳಲ್ಲಿ ಗುರುತಿಗೆ ಮಾತ್ರ ಆಣೆ ಮಾಡಿಸಿದ್ದರು. ಇವನು ಹುಷಾರಿಯವನು, ಇರಲಿ ಎಂದು ಎರಡನ್ನೂ ಕಟ್ಟಿಬಿಟ್ಟ. ಎರಡೂ ಬೇರೆಬೇರೆ ದಾರಿ ಹಿಡಿಯಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಪಕ್ಷ ಒಡೆಯಿತು. ಬೆಂಗಳೂರಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು, ಯಾರು ಯಾರ ಕುರ್ಚಿ ಎಳೆದರು ಎನ್ನುವುದನ್ನೆಲ್ಲ ನಮ್ಮ ಗಿರಾಕಿಗಳು ಊಟಕ್ಕೆ ಕೂತಾಗ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನನಗೆ ತಿಳಿದದ್ದು ಇಷ್ಟು: ಸಾಹೇಬ್ರು ಹೊಸ ಪಕ್ಷಕ್ಕೆ ಹೋದರು, ಹೊಸ ಗುರುತು ಬಂತು. ಹಳೆಯ ಗುರುತು ಹಳೆಯ ಪಕ್ಷದಲ್ಲೇ ಉಳಿಯಿತು, ಅದಕ್ಕೆ ಬೇರೊಬ್ಬರು ನಿಂತರು. ಈ ಓಟಿನ ಫಲಿತಾಂಶ ಬಂದಾಗ ಈ ಇಬ್ಬರೂ ಸೋತು ಮೂರನೆಯವರು ಗೆದ್ದರು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಅದಕ್ಕೆ ಜಾಗವಿಲ್ಲ.

ನಮ್ಮ ಖಾನಾವಳಿಯಲ್ಲೂ ಪಂಕ್ತಿ ಎರಡಾಯಿತು. ಮೊದಲು ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತು ಒಬ್ಬರ ತಾಟಿನ ಉಳ್ಳಾಗಡ್ಡಿ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದವರು ಈಗ ಒಬ್ಬರು ಕಿಟಕಿಯ ಕಡೆ, ಒಬ್ಬರು ಗೋಡೆಯ ಕಡೆ. ಎದುರಿನ ದರ್ಜಿ ಕಾಕಾ ಮಾತ್ರ ನಡುವೆ ಕೂಡುತ್ತಿದ್ದರು. ಅವರ ಮನೆತನ ಹುನಗುಂದದಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಇದೆ. ಅಂಗಡಿ ರಸ್ತೆಯ ಆಚೆ, ಊಟ ಮಾತ್ರ ನಮ್ಮಲ್ಲಿ. ಎರಡೂ ಪಕ್ಷದವರ ಶಾಲಿಗೆ ಅಂಚು ಹೊಲಿಯುವವರು ಅವರೇ.

"ನನಗ ಭಾಳ ಛಲೋ ಆತು ನೋಡ್ರಿ," ಎನ್ನುತ್ತಿದ್ದರು ಎರಡೂ ಕಡೆಗೆ ಕೇಳಿಸುವಂತೆ. "ಮೊದ್ಲು ಒಂದ ಬಣ್ಣದ ದಾರ ಖರ್ಚಾಗ್ತಿತ್ತು. ಇನ್ನೊಂದೆರಡು ತುಂಡು ಆಗ್ರಿ, ನನ್ನ ಮಮ್ಮಗನ ಸಾಲಿ ಫೀಜು ಮುಗೀತೈತಿ."

ರೊಟ್ಟಿಯಕ್ಕನ ಓಣಿಯಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ಹಳೆಯ ಪಕ್ಷದವರು ಬಂದು, "ಆಣಿ ಗುರ್ತಿಗೆ ಮಾಡೀರಿ, ನೆನಪೈತಿಲ್ಲೋ?" ಎಂದು ಹೋದರು. ಅವರ ಬೆನ್ನ ಹಿಂದೆಯೇ ಕಾಂಟ್ರಾಕ್ಟರ್ ಬಂದು, "ಆಣಿ ಮಾಡಿದ್ದು ಸಾಹೇಬ್ರಿಗೆ. ಗುರ್ತಂದ್ರ ಏನು, ಚಿತ್ರ. ಚಿತ್ರ ಬದಲಾಗ್ತೈತಿ, ಮನಶ್ಯಾ ಬದಲಾಗ್ತಾನೇನು?" ಎಂದ. ಇಬ್ಬರದೂ ಖರೆ, ಯಾರ ಮಾತು ಕೇಳಿದರೂ ಆಣೆ ಮುರಿಯುತ್ತದೆ. ಓಟೇ ಹಾಕದೆ ಮನೆಯಲ್ಲಿ ಕೂತರೆ ಎರಡೂ ಮುರಿಯುತ್ತವೆ. ಹೆಂಗಸರು ನೀರಿಗೆ ಹೋದಲ್ಲಿ, ಬಸ್ಸಿಗೆ ನಿಂತಲ್ಲಿ ಇದೇ ಮಾತಾಡಿದರು. ಉಳಿದವರು ಹೇಗೋ ಸುಮ್ಮನಾದರು. ರೊಟ್ಟಿಯಕ್ಕನಿಗೆ ಸುಮ್ಮನಿರಲು ಆಗಲಿಲ್ಲ, ಯಾಕೆಂದರೆ ಅವಳ ಮನೆಯಲ್ಲಿ ತುಂಬಿದ ಗರ್ಭಿಣಿ ಇದ್ದಳು.

ಅವಳು ಗುಡಿಯ ಪೂಜಾರಿಯನ್ನು ಕೇಳಿದಳು. ಆತ ಕುರಿ ಕಾಯುತ್ತಲೇ ಪೂಜೆ ಮಾಡುವ ಮುದುಕ, ಹೆಚ್ಚು ಮಾತಿನವನಲ್ಲ. "ದೇವರು ನಿನ್ನ ಕರದು ಆಣಿ ಕೊಟ್ಟಿಲ್ಲ. ಕೊಟ್ಟಾವ ಒಬ್ಬನ ಐದಾನ. ಭಂಡಾರ ಆ ಕೈಗೆ ಹೊಳ್ಳಿ ಹೋಗಬೇಕು. ಅವ ತಗೊಂಡ ಅಂದ್ರ ನಿನ್ನ ಕೈ ಬರಿದು," ಎಂದನಂತೆ.

ಅಂದಿನಿಂದ ಅವಳು ಆ ಭಂಡಾರದ ಪೊಟ್ಟಣವನ್ನು ಜಗಲಿಯಿಂದ ತೆಗೆದು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡು ತಿರುಗಿದಳು. ಕಾಂಟ್ರಾಕ್ಟರನಿಗೆ ಇದು ಗೊತ್ತಾಯಿತು. ದಿನಕ್ಕೊಮ್ಮೆಯಾದರೂ ನಮ್ಮಲ್ಲಿ ಉಣ್ಣುತ್ತಿದ್ದವನು ಬರುವುದನ್ನೇ ಬಿಟ್ಟ. ಅವನ ಜೀಪು ರಸ್ತೆಯಲ್ಲಿ ಹೋಗುವುದು ಕಾಣುತ್ತಿತ್ತು, ನಿಲ್ಲುತ್ತಿರಲಿಲ್ಲ. ಅವನ ಜೀಪಿನ ಡ್ರೈವರ್ ಬಂದು ಊಟ ಕಟ್ಟಿಸಿಕೊಂಡು ಹೋಗುತ್ತಿದ್ದ. ಒಂದು ದಿನ ರೊಟ್ಟಿಯಕ್ಕ ಆ ಡ್ರೈವರನಿಗೇ, "ನಿನ್ನ ಮಾಲಕಗ ಹೇಳು. ನಾ ಏನ್ ಹುಲಿ ಅಲ್ಲ, ತಿನ್ನಂಗಿಲ್ಲ. ಹಿಟ್ಟಿನ ಕೈ ನಂದು," ಎಂದು ಹೇಳಿ ಕಳಿಸಿದಳು. ಆದರೂ ಅವನು ಬರಲಿಲ್ಲ. ನಾನೂ ಅಂದುಕೊಂಡೆ, ಅವನಿಗೂ ಕಷ್ಟವೇ. ಒಬ್ಬಳಿಂದ ವಾಪಸು ತೆಗೆದುಕೊಂಡರೆ ಓಣಿಯೇ ಬರುತ್ತದೆ. ಓಣಿ ಬಂದರೆ ಸಾಹೇಬ್ರ ಮುಂದೆ ಅವನ ಕಿಮ್ಮತ್ತು ಏನು ಉಳಿಯಿತು?

ಆ ದಿನ ಮುಂಜಾನೆ ಹೊತ್ತಿದ ರೊಟ್ಟಿಯನ್ನು ದನದ ಬುಟ್ಟಿಗೆ ಹಾಕುವಾಗ ನನಗೊಂದು ಹೊಳೆಯಿತು. ಮರುದಿನ ಬೂತುಗಳಲ್ಲಿ ಕೂಡುವ ಅವನ ಏಜೆಂಟರಿಗೆ ಬುತ್ತಿ ನಾವೇ ಕೊಡಬೇಕಾಗಿತ್ತು. ಓಟಿನ ದಿನ ಬೇರೆ ಖಾನಾವಳಿಗಳು ಬಾಗಿಲು ತೆಗೆಯುವುದಿಲ್ಲ. ನಾನು ಮನೆಯವರ ಹತ್ತಿರ ಹೋಗಿ, "ರೀ, ಕಾಂಟ್ರಾಕ್ಟರಿಗೆ ಫೋನ್ ಹಚ್ರಿ. ತಾವ ಬಂದು ಎಷ್ಟು ಮಂದಿಗೆ, ಏನೇನ ಪಲ್ಲೆ ಅಂತ ಹೇಳಿದ್ರಷ್ಟ ನಾಳಿ ಒಲಿ ಹಚ್ತೇನಿ. ಇಲ್ಲಾಂದ್ರ ಇಲ್ಲ," ಎಂದೆ.

"ಏ, ಫೋನಿನ್ಯಾಗ ಹೇಳಿದ್ರ ಆಗಂಗಿಲ್ಲೇನು?"

"ಆಗಂಗಿಲ್ಲ."

ಅವರು ನನ್ನ ಮುಖ ನೋಡಿ ಫೋನು ಹಚ್ಚಿದರು. ನಾನು ಇದನ್ನು ರೊಟ್ಟಿಯಕ್ಕನಿಗೆ ಹೇಳಲಿಲ್ಲ. ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಸ್ತರರ ಗದ್ದಲ ಇಳಿಯಿತು. ಅವರೆಲ್ಲ ಬುತ್ತಿ ಕಟ್ಟಿಸಿಕೊಂಡು, ಟವೆಲ್ಲು ತಲೆಗೆ ಹಾಕಿಕೊಂಡು ಕಾಲೇಜಿನ ಬಯಲಿಗೆ ಹೋಗಿದ್ದರು. ಬಿಸಿಲು ಹಂಚಿನಂತೆ ಕಾದಿತ್ತು. ಕರೆಂಟು ಹೋಗಿತ್ತು. ಗಿರಾಕಿಗಳಲ್ಲಿ ದರ್ಜಿ ಕಾಕಾ ಒಬ್ಬರೇ ಮಜ್ಜಿಗೆ ಕುಡಿಯುತ್ತ ಕೂತಿದ್ದರು. ಜೀಪು ಬಂದು ನಿಂತಿತು. ಕಾಂಟ್ರಾಕ್ಟರ್ ಇಳಿದು, ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು ಕೂಗಿದ.

"ಏನ್ರಿ ಅಕ್ಕಾರ, ಬುತ್ತಿ ಇಲ್ಲ ಅಂದ್ರಂತ? ನಮ್ಮ ಮಂದಿ ಬೂತಿನ್ಯಾಗ ಉಪಾಸ ಸಾಯ್ಬೇಕೇನ್ರಿ?"

"ಬರ್ರಿ, ಒಳಗ ಬರ್ರಿ. ಮೊದ್ಲು ನೀವ ಉಣ್ರಿ. ಮಾರಿ ನೋಡಿದ್ರ ನಿನ್ನಿಂದ ಉಂಡಾಂಗಿಲ್ಲ," ಎಂದೆ. ಅದು ನಿಜವೂ ಆಗಿತ್ತು. ಕಣ್ಣು ಕೆಂಪಾಗಿದ್ದವು, ದನಿ ಕಟ್ಟಿತ್ತು.

ಅವನು ಕೈ ತೊಳೆದು, ಅಡುಗೆಮನೆಗೆ ಬೆನ್ನು ಮಾಡಿ ಕೂತ. ನಾನು ತಾಟು ಇಟ್ಟೆ, ಪುಂಡಿಪಲ್ಲೆ ಹಾಕಿದೆ, ಕಾಳು ಹಾಕಿದೆ. ರೊಟ್ಟಿ ಹಾಕಲು ತಿರುಗುವಷ್ಟರಲ್ಲಿ ಒಳಗಿನ ಸಪ್ಪಳ ನಿಂತಿತು. ರೊಟ್ಟಿಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವನ ಎದುರಿಗೇ ನಿಂತಳು.

"ತಮ್ಮಾ, ಕೈ ಹಿಡಿ."

"ಯಕ್ಕಾ, ಉಣ್ಣಾಕತ್ತೇನಿ."

"ಎಲ್ಲಿ ಉಣ್ಣಾಕತ್ತೀಯೋ? ಇನ್ನ ತುತ್ತ ಮುರಿದಿಲ್ಲ. ಈಗ ತೊಳದೀ, ಹಸನ ಐತಿ ಕೈ. ಹಿಡಿ."

ಅವನು ನನ್ನನ್ನು ನೋಡಿದ. ನಾನು ನೀರಿನ ತಂಬಿಗೆ ತರಲು ಹೋದೆ.

"ಯಕ್ಕಾ, ಇನ್ನೊಂದ ದಿನ ತಡಿ. ಓಟು ಮುಗೀಲಿ. ನಾನ ನಿಮ್ಮ ಮನಿಗೆ ಬಂದು ತಗೊಂಡು ಹೋಗ್ತೇನಿ."

"ಓಟು ಮುಗದ ಮ್ಯಾಲ ತಗೊಂಡು ಏನ್ ಹಪ್ಪಳ ಹಾಕ್ತೀ? ನಾಳೆ ನಾ ಯಾವ ಗುಂಡಿ ಒತ್ತಿದ್ರೂ ಆಣಿ ಮುರೀತೈತಿ. ಮುರಿಯೂಕಿಂತ ಮೊದ್ಲ ಹೊಳ್ಳಿ ತಗೋ. ನನ್ನ ಮಗಳು ಬಾಗಲಕೋಟ್ಯಾಗ ಮಂಚದ ಮ್ಯಾಲ ಅದಾಳ. ಬಿಪಿ ಇಳಿವಲ್ದು ಅಂತ. ಎರಡು ಕಳಕೊಂಡಾಕಿ ಅಕಿ. ಇದನ್ನ ಕಟಗೊಂಡು ಆ ಖೋಲಿಗೆ ನಾ ಹೋಗಂಗಿಲ್ಲ."

"ನಿಂದೊಂದ ಆದ್ರ ತಗೋತಿದ್ದೆ ಯಕ್ಕಾ. ಸಂಜಿಕ್ಕ ಓಣಿ ಪೂರಾ ಬರ್ತೈತಿ. ಸಾಹೇಬ್ರಿಗೆ ನಾ ಯಾವ ಮಾರಿ ತೋರಸ್ಲಿ?"

"ಇದ್ದ ಮಾರಿನ ತೋರಸು. ಅವರೇನು ನೋಡಿಲ್ಲೇನು?"

ದರ್ಜಿ ಕಾಕಾ ಮಜ್ಜಿಗೆಯ ಲೋಟ ಕೆಳಗಿಟ್ಟರು. "ತಗೊಳ್ಳೋ ಮಾರಾಯಾ. ಅಳತಿ ತಪ್ಪಿ ಹೊಲದ್ರ ಅಂಗಿ ನಾನೂ ಹೊಳ್ಳಿ ತಗೋತೇನಿ. ಗಿರಾಕಿಗೆ ನಿನ್ನ ಮೈ ಹೊಂದಿಸಿಕೋ ಅಂತ ಹೇಳಾಕ ಬರ್ತೈತೇನು?"

"ಕಾಕಾ, ನಿಮಗೇನ್ ಗೊತ್ತೈತ್ರಿ ಭಂಡಾರದ್ದು?"

"ಗೊತ್ತಿಲ್ಲಪಾ. ಹೊಲಗಿ ಗೊತ್ತೈತಿ. ಒಂದು ಗಂಟು ಹಾಕೂದ ಬಿಟ್ಟು ಎರಡ ಹಾಕಿದಿಯಲ್ಲ, ಅದು ಹೊಲಗಿ ಅಲ್ಲ, ಸಿಕ್ಕು, ಗ್ವಾಜಲಾ."

ಅವನು ನಗಲಿಲ್ಲ. ತಾಟನ್ನು ಸ್ವಲ್ಪ ದೂಡಿದ. ಎದ್ದು ಹೋಗಿಯೇಬಿಡುತ್ತಾನೆ ಅನ್ನಿಸಿತು ನನಗೆ. ರೊಟ್ಟಿಯಕ್ಕ ದಾರಿಗೆ ಅಡ್ಡವೇನೂ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ಬೆಂಚಿನ ತುದಿಗೆ ಕೂತಳು. ಅವಳು ಗಿರಾಕಿಯ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

"ತಮ್ಮಾ, ಒಂದ್ ಕೇಳ್ತೇನಿ," ಎಂದಳು. ಈ ಸಲ ದನಿ ಇಳಿದಿತ್ತು. "ಅವತ್ತ ಆ ಮಾತು ಮೊದ್ಲ ಯಾರ ಬಾಯಿಂದ ಬಂತು? ನೀ ಅಂದಿ, ನಿನ್ನ ಹಿಂದ ನಾವು ಅಂದ್ವಿ. ನಿನ್ನ ಅಂಗೈಯಾಗೂ ಭಂಡಾರ ಇತ್ತು. ಹಣಿಗೂ ಹಚಗೊಂಡಿದ್ದಿ. ನಾ ಇನ್ನ ಏನೂ ಮುರಿದಿಲ್ಲ. ನೀ ಗುರ್ತು ಬಿಟ್ಟು ಎಷ್ಟು ದಿನ ಆತು? ನಿನಗ ಏನೂ ಅನಿಸಿಲ್ಲೇನು?"

ಹೊರಗೆ ಡ್ರೈವರ್ ಜೀಪಿನ ಬಾನೆಟ್ಟು ತೆಗೆದು ನೀರು ಹಾಕುತ್ತಿದ್ದ.

"ಅನಿಸೈತಿ," ಎಂದ ಅವನು. "ನಾ ಏನ್ ಮಾಡ್ಲಿ ಯಕ್ಕಾ, ಸಾಹೇಬ್ರು ಹೋದ್ರು, ಅವರ ಹಿಂದ ಹೋದೆ. ನಿಂತಿದ್ರ ಅವರನ್ನ ಬಿಟ್ಟಂಗ ಆಗ್ತಿತ್ತು. ಒಂದ ಕಟ್ಟಿದ್ರ ಇನ್ನೊಂದರ ನೆವ ಹೇಳಿ ಜಾರ್ತೀರಿ ಅಂತ ಎರಡೂ ಕಟ್ಟಿದ್ದೆ. ನನ್ನ ಕಾಲಿಗೂ ಅದ ಸುತ್ತಿಕೊಂಡೈತಿ."

"ಹಂಗಾರ ಬಿಚ್ಚು. ನಂದ ಮೊದ್ಲ ಬಿಚ್ಚು. ಅವಸರ ನನಗೈತಿ."

ಅವನು ಬಲಗೈ ಮುಂದೆ ಮಾಡಿದ. ರೊಟ್ಟಿಯಕ್ಕ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದಳು. ಪೇಪರು ಹಳೆಯದಾಗಿ ಮಡಿಕೆಯಲ್ಲಿ ಹರಿದಿತ್ತು. ಸ್ವಲ್ಪ ಪುಡಿ ಮೇಜಿನ ಮೇಲೆ ಉದುರಿತು. ಅದನ್ನೂ ಬೆರಳಿನಿಂದ ಬಳಿದು ಅವನ ಅಂಗೈಗೆ ಹಾಕಿದಳು. "ನೀ ಕೊಟ್ಟಿದ್ದಿ, ನೀ ತಗೊಂಡಿ," ಎಂದಳು. "ತಗೊಂಡೆ," ಎಂದು ಅವನೂ ಹೇಳಬೇಕಂತೆ, ಹೇಳಿದ. ಅಷ್ಟೇ. ಪೂಜೆಯಿಲ್ಲ, ಕಾಯಿಯಿಲ್ಲ. ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ಒಳಗೆ ಹೋಗಿ ಹಂಚು ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದಳು.

"ತಂಗಿ, ನಾ ಹೋಗ್ತೇನಿ. ಹಿಟ್ಟು ನಾದಿದ್ದು ಐತಿ, ಒಣಗ್ಸಬ್ಯಾಡ."

"ಬಸ್ಸು ಈಗೆಲ್ಲಿ ಅದಾವ ಯಕ್ಕಾ? ಎಲ್ಲಾ ಬಸ್ಸು ಓಟಿನ ಡ್ಯೂಟಿಗೆ ಹೋಗ್ಯಾವ," ಎಂದರು ನನ್ನ ಮನೆಯವರು.

ಕಾಂಟ್ರಾಕ್ಟರ್ ಬಲಗೈ ಮುಷ್ಟಿ ಮಾಡಿಕೊಂಡೇ ಎದ್ದು ಹೊರಗೆ ಹೋಗಿ ಡ್ರೈವರನಿಗೆ ಕೂಗಿದ. "ಲೇ, ಬಾವುಟ ಬಿಚ್ಚು. ಗಾಜಿನ ಮ್ಯಾಲಿಂದೂ ಕೀಳು. ಅಕ್ಕನ ಬಾಗಲಕೋಟಿ ದವಾಖಾನಿಗೆ ಬಿಟ್ಟು ಬಾ. ಶಿರೂರು ದಾರಿಲೆ ಹೋಗು, ಗದ್ಲ ಇರಂಗಿಲ್ಲ. ಕುಣಿಗೆ ಧಡ್‌ಧಡ್ ಹಾರಸಬ್ಯಾಡ." ರೊಟ್ಟಿಯಕ್ಕ ಮುಂದಿನ ಸೀಟಿನಲ್ಲಿ ಕೂಡಲು ಒಪ್ಪದೆ ಹಿಂದೆ ಹತ್ತಿ ಕೂತಳು. ಜೀಪು ಹೋಯಿತು.

ಅವನು ವಾಪಸು ಬಂದ. ಜೀಪಿಲ್ಲದ ಮೇಲೆ ಹೋಗುವುದೆಲ್ಲಿ? ಮುಷ್ಟಿಯಲ್ಲಿದ್ದ ಭಂಡಾರವನ್ನು ಕರವಸ್ತ್ರದಲ್ಲಿ ಸುರಿದು ಗಂಟು ಕಟ್ಟಿದ. "ನಾಡದು ಗುಡಿಗೆ ಒಯ್ದು ಇಡ್ತೇನಿ, ನಂದೂ ಕೂಡಿಸಿ," ಎಂದು ಯಾರಿಗೋ ಅನ್ನುವ ಹಾಗೆ ಅಂದ. ಆಮೇಲೆ ಕೈ ತೊಳೆಯದೆ ಅದೇ ಹಳದಿ ಕೈಯಲ್ಲಿ ಉಂಡ. ತೊಳೆಯಬಾರದೆಂಬ ನೇಮ ಇದೆಯೋ, ಮರೆತನೋ, ನಾನು ಕೇಳಲಿಲ್ಲ.

ಓಣಿ ಪೂರಾ ಬರುತ್ತದೆಂದು ಅವನು ಹೇಳಿದ್ದು ಸುಳ್ಳಾಗಲಿಲ್ಲ. ಜೀಪು ಅವಳ ಊರಿನ ಮುಂದೆ ಹಾದಾಗ ರೊಟ್ಟಿಯಕ್ಕ ಇಳಿದು ಮಗಳ ಬಟ್ಟೆಯ ಗಂಟು ತೆಗೆದುಕೊಂಡಿದ್ದಾಳೆ. ಓಣಿಯಲ್ಲಿ ಯಾರೋ ಕೇಳಿದ್ದಾರೆ, ಇವಳು ಹೇಳಿದ್ದಾಳೆ. ಹೊತ್ತು ಇಳಿಯುವ ಮೊದಲೇ ಒಂದು ಟಂಟಂ ಆಟೋ ಬಂದು ಖಾನಾವಳಿಯ ಮುಂದೆ ನಿಂತಿತು. ಇಳಕಲ್ ಸೀರೆಯ ಸೆರಗು ತಲೆಯ ತುಂಬ ಹೊದ್ದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ. ಮದುವೆಗೆ ಅಕ್ಷತೆ ತಂದವರ ಹಾಗೆ ಕಂಡರು. ನನ್ನ ಮನೆಯವರು ಗಾಬರಿಯಾಗಿ ಎದ್ದು ನಿಂತರು.

"ಎಲ್ಲಿ ನಮ್ಮ ತಮ್ಮ? ಇಲ್ಲೇ ಅದಾನಂತ?" ಎಂದಳು ಮುಂದೆ ಬಂದವಳು.

"ಬಂದ್ರು ನೋಡು ನಿನ್ನ ಮತದಾರ್ರು. ಒಂದ ದಿನ ಮೊದ್ಲ ಬಂದಾರ," ಎಂದರು ದರ್ಜಿ ಕಾಕಾ. ಅವರು ಅಂಗಡಿಯ ಬಾಗಿಲು ಹಾಕಿ ಮತ್ತೆ ನಮ್ಮಲ್ಲಿಗೆ ಬಂದು ಕೂತಿದ್ದರು. ಇದನ್ನು ಬಿಟ್ಟು ಹೊಲಿಗೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು.

ಕಾಂಟ್ರಾಕ್ಟರ್ ಎರಡು ಮಾತು ವಾದಿಸಿದ. ಅವರಲ್ಲೊಬ್ಬ ಮುದುಕಿ, "ಏ, ಅಕಿದು ತಗೊಂಡಿ, ನಂದು ಯಾಕ ಒಲ್ಲಿ? ಅಕಿ ಭಂಡಾರ ಬಂಗಾರದ್ದೇನು?" ಎಂದು ಬೈದಾಗ ಸುಮ್ಮನೆ ಕೈ ಹಿಡಿದ. ಒಬ್ಬೊಬ್ಬರೂ ಹಾಕಿ, "ನೀ ಕೊಟ್ಟಿದ್ದಿ, ನೀ ತಗೊಂಡಿ," ಎಂದರು. "ತಗೊಂಡೆ, ತಗೊಂಡೆ," ಎಂದು ಅವನು ಹೇಳುತ್ತ ಹೋದ. ಕರವಸ್ತ್ರ ಸಾಲದೆ ನಾನೊಂದು ಬಟ್ಟಲು ಕೊಟ್ಟೆ. ಅವನ ಅಂಗಿಯ ತೋಳು, ಮೇಜಿನ ಅಂಚು, ನೆಲ, ಎಲ್ಲ ಹಳದಿಯಾದವು. ಮೇಜಿನ ಮೇಲಿದ್ದ ಅವನ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಸಾಹೇಬ್ರ ಫೋನೆಂದು ನನ್ನ ಮನೆಯವರು ನೋಡಿ ಹೇಳಿದರು. ಅವನು ಅದನ್ನು ಬೋರಲು ಹಾಕಿದ.

ನಾಳೆ ಯಾರಿಗೆ ಹಾಕುತ್ತೀರಿ ಎಂದು ಅವನು ಆ ಹೆಂಗಸರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ರೊಟ್ಟಿಯಕ್ಕ ಬಾಗಲಕೋಟೆಯಿಂದ ಬಂದು ಓಟು ಹಾಕಿ ಅವತ್ತೇ ಹೊಳ್ಳಿ ಹೋದಳು. ಅವಳು ಯಾರಿಗೆ ಹಾಕಿದಳೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಸಂಜೆ ನನಗೆ ಬೇರೆ ಚಿಂತೆ. ರೊಟ್ಟಿಯಕ್ಕ ನಾದಿಟ್ಟ ಹಿಟ್ಟನ್ನು ನಾನೇ ಬಡಿಯಲು ಕೂತಿದ್ದೆ. ಪಲ್ಲೆಯಲ್ಲಿ ನನ್ನ ಕೈ ಚಲೋ, ರೊಟ್ಟಿಯಲ್ಲಿ ಅಲ್ಲ. ಅಂಚು ಸೀಳುತ್ತಿದ್ದವು, ಹಂಚಿಗೆ ಹಾಕುವಾಗ ಅರ್ಧ ಕೈಯಲ್ಲೇ ಉಳಿಯುತ್ತಿದ್ದವು. ಬಸ್ಸು ತಪ್ಪಿಸಿಕೊಂಡು ಊಟಕ್ಕೆ ಬಂದ ಒಬ್ಬ ಮಾಸ್ತರರು ತಾಟಿನಲ್ಲಿ ರೊಟ್ಟಿ ತಿರುವಿ ನೋಡಿ, "ಅಕ್ಕಾರ, ಈ ರೊಟ್ಟಿನೂ ಎರಡು ಪಕ್ಷ ಆಗೈತಲ್ರಿ," ಎಂದರು. ಎಲ್ಲರೂ ನಕ್ಕರು, ಕಾಂಟ್ರಾಕ್ಟರನೂ. ಬೈದ ಮುದುಕಿ ಒಳಗೆ ಇಣುಕಿ ನೋಡಿ, "ಏಳವ್ವಾ ಆ ಕಡೆ. ಹಿಟ್ಟಿಗೆ ನೋವಾಗ್ತೈತಿ," ಎಂದು ನನ್ನನ್ನು ಎಬ್ಬಿಸಿ ತಾನು ಕೂತಳು. ಅವಳ ಜೊತೆಗೆ ಇನ್ನಿಬ್ಬರು ಸೆರಗು ಸಿಕ್ಕಿಸಿಕೊಂಡರು. ಉಳಿದವರು ಅದೇ ಟಂಟಂನಲ್ಲಿ ಹೋದರು. ಸಪ್ಪಳ ಮತ್ತೆ ಶುರುವಾಯಿತು, ಆದರೆ ಮೂರು ಕೈಯದು. ಮರುದಿನ ಕಾಂಟ್ರಾಕ್ಟರನ ಏಜೆಂಟರು ಉಂಡದ್ದು ಆಣೆ ವಾಪಸು ಕೊಟ್ಟವರು ಬಡಿದು ಒಣಗಿಸಿದ ಕಟಿರೊಟ್ಟಿಯನ್ನೇ.

ದೀಪ ಹಚ್ಚುವ ಹೊತ್ತಾಯಿತು. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರೂ ಒಂದೇ ಫೋನಿಗೆ ಕಾಯುತ್ತಿದ್ದೆವು. ಅದು ಬಂದದ್ದು ನನ್ನ ಮನೆಯವರ ಫೋನಿಗೆ. ಅವರು ಕಿವಿಗೆ ಹಚ್ಚಿ, "ಹಾಂ, ಹಾಂ," ಎಂದು, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಅವರ ಸ್ವಭಾವವೇ ಹಾಗೆ, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಮುಖದಲ್ಲಿ ತಿಳಿಯುವುದಿಲ್ಲ.

"ತಂಗಿ," ಎಂದಳು ರೊಟ್ಟಿಯಕ್ಕ ಆಚೆಯಿಂದ. "ಹೆಣ್ಣ ಕೂಸು. ಅತ್ತಿತು. ನಾ ಒಳಗ ಇದ್ದೆ, ನಾನ ಕೇಳಿದೆ, ಜೋರ್ ಅತ್ತಿತು. ಹಡದಾಕಿಗೆ ಇನ್ನ ಸ್ವಲ್ಪ ಬಿಪಿ ಐತಿ, ಕಾಳಜಿ ಇಲ್ಲ ಅಂದಾರ ಡಾಕ್ಟರು. ಹಿಟ್ಟು ಏನ್ ಮಾಡಿದಿ?"

ನಾನು ಹಿಟ್ಟಿನ ಸುದ್ದಿ ಹೇಳಿದೆ. ಹೇಳುತ್ತ ಅಳು ಬಂತು. ಆಕೆ, "ಅಳಬ್ಯಾಡ, ಕೂಸು ಅಳ್ತೈತಿ, ಸಾಕು," ಎಂದಳು.

ನಾನು ಹೊರಗೆ ಬಂದು ಹೇಳಿದೆ. ಮುದುಕಿ ಒಲೆಗೆ ಕೈ ಮುಗಿದಳು. ಕಾಂಟ್ರಾಕ್ಟರ್ ಭಂಡಾರದ ಬಟ್ಟಲನ್ನು ಸ್ವಲ್ಪ ಹತ್ತಿರ ಸರಿಸಿಕೊಂಡ. ದರ್ಜಿ ಕಾಕಾ ಎದ್ದು ಮನೆಗೆ ಹೋಗಿ, ಅಮೀನಗಡದಿಂದ ಮೊಮ್ಮಗನಿಗೆಂದು ತಂದಿಟ್ಟಿದ್ದ ಕರದಂಟಿನ ಡಬ್ಬಿ ತಂದರು. "ಅಂವಾ ಕೇಳಿದ್ರ ಇಲಿ ತಿಂದುವು ಅಂತ ಹೇಳ್ತೇನಿ," ಎಂದರು.

ಆ ರಾತ್ರಿ ಉಂಡದ್ದು: ನಾನು ಬಡಿದ ಹರಕು ರೊಟ್ಟಿಗಳು, ತಳದಲ್ಲಿ ಉಳಿದ ಪುಂಡಿಪಲ್ಲೆ, ಮಡಿಕೆಕಾಳು, ಹಸಿ ಉಳ್ಳಾಗಡ್ಡಿ, ಮಜ್ಜಿಗೆ, ಕಡೆಗೆ ಒಂದೊಂದು ತುಂಡು ಕರದಂಟು. ಎರಡು ಪಂಕ್ತಿ ಮಾಡುವಷ್ಟು ಜನ ಇರಲಿಲ್ಲ, ಒಂದೇ ಬೆಂಚಿನ ಮೇಲೆ ಕೂತು ಉಂಡೆವು. ಮುದುಕಿಯೂ ಉಳಿದಿಬ್ಬರೂ ಒಳಗೆ ಚಾಪೆ ಹಾಸಿಕೊಂಡು ಮಾತಾಡುತ್ತ ಮಲಗಿದರು, ಆ ಮಾತು ಬಹಳ ಹೊತ್ತು ನಡೆಯಿತು. ಮನೆಯವರು ಮೇಜಿನ ಹಿಂದೆ ಕೂತಲ್ಲೇ ತೂಕಡಿಸಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಕಾಂಟ್ರಾಕ್ಟರ್. ಜೀಪು ಬಂದಮೇಲೆ ಎಬ್ಬಿಸಿರೆಂದು ಹೇಳಿ ಬೆಂಚಿನ ಮೇಲೆ ಅಡ್ಡಾಗಿದ್ದ. ಜೀಪು ಬಂತು, ಡ್ರೈವರನೂ ಉಂಡ, ನಾವು ಯಾರೂ ಅವನನ್ನು ಎಬ್ಬಿಸಲಿಲ್ಲ.